ಎರಡು ಫರ್ಲಾಂಗಿನ ಓಟ

ಬೋನಾಳಕ್ಕೆ ನಾನು ಹೋಗಿದ್ದು ಹಕ್ಕಿಗಳಿಗಾಗಿ. ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಎಲ್ಲೆಲ್ಲಿಂದಲೋ ಹಕ್ಕಿ ಬರುತ್ತವೆ. ಒಂದು ಅರ್ಧ ಗಂಟೆಯ ಕಾರ್ಯಕ್ರಮ ಮಾಡೋಣ ಅಂತ ಕ್ಯಾಮೆರಾ ಸಮೇತ ಹೊರಟಿದ್ದೆವು. ಸುರಪುರದ ರಾಜ ಪಾಮ ನಾಯಕನ ಕಾಲದಲ್ಲಿ, 17ನೇ ಶತಮಾನದಲ್ಲಿ ಆದ ಕೆರೆ ಅದು. ಮುಂದೆ ಬ್ರಿಟಿಷರ ಕಾಲದಲ್ಲೂ ಅದನ್ನು ಬೆಳೆಸಿದರು. ಇವತ್ತು ಪಕ್ಷಿಧಾಮ. ನೀರು, ಜೊಂಡು, ಅದರಾಚೆ ಹೊಲ. ಇಷ್ಟೇ ಹೇಳಿ ಮುಗಿಸಬೇಕಾಗಿದ್ದ ಕತೆ, ದಾರಿಯಲ್ಲಿ ನಮ್ಮ ಗಾಡಿಯ ಕ್ಲಚ್ ಕೈಕೊಟ್ಟಿದ್ದರಿಂದ ಬೇರೆ ಕಡೆ ತಿರುಗಿತು.

ಗ್ಯಾರೇಜು ಅಂದರೆ ಗ್ಯಾರೇಜಲ್ಲ, ಬೇವಿನ ಮರದ ಕೆಳಗೆ ನಾಲ್ಕು ತಗಡು. ಮಿಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನನ್ನ ಮುಖ ನೋಡಿದ ತಕ್ಷಣ ಗುರುತು ಹಿಡಿದರು. ಖುಷಿಯಿಂದ ಅಂತ ನೀವು ಅಂದುಕೊಂಡರೆ ತಪ್ಪು.

‘ಟಿವ್ಯಾಗ ಬೈಯೋರು ನೀವೇ ಅಲ್ರೀ?’

ನಾನು ಹೌದು ಅಂದೆ. ಬೈಯುವುದು ನಮ್ಮ ಕಸುಬು, ಯಾರನ್ನು ಬೈದದ್ದು ಅಂತ ನೆನಪಾಗಲಿಲ್ಲ ಅಷ್ಟೆ. ಅವರೇ ನೆನಪಿಸಿದರು. ಹೆದ್ದಾರಿಯಲ್ಲಿ ಹುಡುಗರು ರೇಸ್ ಬಿಟ್ಟ ವಿಡಿಯೊ ಇಟ್ಟುಕೊಂಡು ಒಂದು ಸಂಜೆ ಪೂರ್ತಿ ನಾನು ಕೂಗಾಡಿದ್ದೆ. ಪುಂಡರು, ಅಪ್ಪ-ಅಮ್ಮ ಹದ್ದುಬಸ್ತಿನಲ್ಲಿ ಇಡದ ಮಕ್ಕಳು, ಇವರ ಗಾಡಿ ಜಪ್ತಿ ಮಾಡಿ ಗುಜರಿಗೆ ಹಾಕಿ, ಹೀಗೆಲ್ಲ. ಆ ಕಾರ್ಯಕ್ರಮ ಚೆನ್ನಾಗಿ ಓಡಿತ್ತು ಕೂಡ.

ಮಿಸ್ತ್ರಿ ನನ್ನನ್ನು ತಗಡಿನ ಹಿಂದೆ ಕರೆದುಕೊಂಡು ಹೋದರು. ಇಟ್ಟಿಗೆಗಳ ಮೇಲೆ ಒಂದು ಹಳೆಯ ಟಾಟಾ ಮೊಬೈಲ್ ಪಿಕಪ್ ನಿಂತಿತ್ತು. ಮುಂದೆ ಇಬ್ಬರು ಕೂರುವ ಕ್ಯಾಬಿನ್ನು, ಹಿಂದೆ ಡಾಲಾ. ಬಾನೆಟ್ ತೆಗೆದಿದೆ, ಕಮಾನ್ ಪಾಟಾ ಬಿಚ್ಚಿ ನೆಲಕ್ಕೆ ಹಾಸಿದ್ದಾರೆ. ಅದರ ಕೆಳಗಿಂದ ಒಬ್ಬ ಹುಡುಗ ತೆವಳಿಕೊಂಡು ಹೊರಗೆ ಬಂದ. ಮೊಮ್ಮಗ. ಐಟಿಐ ಓದುತ್ತಾನೆ. ಈ ಗಾಡಿಯನ್ನು ನೆಟ್ಟಗೆ ಒಂದೇ ಗೆರೆಯಲ್ಲಿ, ನಿಂತ ಜಾಗದಿಂದ, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಓಡಿಸಬೇಕು ಅನ್ನೋದು ಅವನ ಹಟ. ಅದಕ್ಕೆ ಡ್ರ್ಯಾಗ್ ರೇಸ್ ಅಂತಾರೆ ಅನ್ನೋದೂ ಅವನಿಗೆ ಗೊತ್ತು.

‘ಕಾಕಾ, ನೀವಾದ್ರೂ ಬೇಡ ಅನ್ನಬಾರದಾ?’ ಅಂತ ಮಿಸ್ತ್ರಿಯನ್ನು ಕೇಳಿದೆ.

‘ಬ್ಯಾಡ ಅಂದ್ರ ಕದ್ದು ಮಾಡ್ತಾನ್ರೀ. ನನ್ನ ಕಣ್ಣಮುಂದ ಮಾಡಿದ್ರ ಬ್ರೇಕರೆ ಸರಿ ಇರ್ತದ’ ಅಂದರು. ಆಮೇಲೆ ಒಂದು ಮಾತು ಕೇಳಿದರು: ‘ನೀವು ಬೈರಿ ಸಾಹೇಬ್ರ, ಬೈಬ್ಯಾಡ್ರಿ ಅನ್ನಂಗಿಲ್ಲ. ಆದ್ರ ಎಲ್ಲಿ ಓಡಿಸ್ಬೇಕು ಅಂತ ಯಾವತ್ತರೆ ಹೇಳೀರೇನ್ರಿ?’

ಹೇಳಿರಲಿಲ್ಲ. ಸ್ಟುಡಿಯೊದಲ್ಲಿ ಎದುರಿಗೆ ಕೂತವರ ಬಾಯಿ ಮುಚ್ಚಿಸುವುದು ನನಗೆ ಗೊತ್ತು, ಅವತ್ತು ಬೇವಿನ ಮರದ ಕೆಳಗೆ ನನ್ನ ಬಾಯಿ ಮುಚ್ಚಿತು. ವಾಪಸ್ ಬಂದ ಮೇಲೆ ಈ ಓಟದ ಹಿಂದಿನ ಕತೆಯನ್ನು ಹುಡುಕಿಕೊಂಡು ಕೂತೆ.

ಮೊದಲು ದೂರದ ಲೆಕ್ಕ. ಡ್ರ್ಯಾಗ್ ರೇಸ್ ಅಂದರೆ ಕಾಲು ಮೈಲಿ, 1,320 ಅಡಿ, 402 ಮೀಟರ್ ಚಿಲ್ಲರೆ. ನಮ್ಮ ಹಿರಿಯರ ಭಾಷೆಯಲ್ಲಿ ಹೇಳಬೇಕೆಂದರೆ ಎರಡು ಫರ್ಲಾಂಗು. ಕಾಲು ಮೈಲಿಯೇ ಯಾಕೆ? ಇದು ಎಂಜಿನ್ನಿನ ಕಾಲದ ಅಳತೆಯೇ ಅಲ್ಲ, ಕುದುರೆಯ ಕಾಲದ್ದು. 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಹೋಗಿ ನೆಲೆ ನಿಂತ ಜನಕ್ಕೆ ಕುದುರೆ ಓಡಿಸುವ ಚಟ ಇತ್ತು, ಮೈದಾನ ಇರಲಿಲ್ಲ. ಸುತ್ತ ಕಾಡು. ಹಾಗಾಗಿ ಊರಿನ ಬೀದಿಯಲ್ಲೇ, ಇಲ್ಲವೇ ಕಾಡು ಕಡಿದು ಮಾಡಿದ ಸಣ್ಣ ದಾರಿಯಲ್ಲೇ ಎರಡೆರಡು ಕುದುರೆ ಬಿಡುತ್ತಿದ್ದರು. ಬೀದಿ ಇರುವುದೇ ಅಷ್ಟುದ್ದ, ಓಟವೂ ಅಷ್ಟೇ. ಅಷ್ಟು ದೂರವನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಓಡಿ ಮುಗಿಸುವ ತಳಿಗೆ ಇವತ್ತಿಗೂ ‘ಕ್ವಾರ್ಟರ್ ಹಾರ್ಸ್’ ಅಂತಲೇ ಹೆಸರು.

ಈ ಭಾಗದವರಿಗೆ ಇದರಲ್ಲಿ ಹೊಸದೇನಿದೆ ಹೇಳಿ? ಕಾರಹುಣ್ಣಿಮೆ ಸಂಜೆ ಅಗಸಿ ಮುಂದೆ ನಿಂತು ನೋಡಿದವರಿಗೆ ಎಲ್ಲವೂ ಗೊತ್ತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲು ಹಾಕಿ, ಊರ ಬೀದಿಯಲ್ಲಿ ಓಡಿಸಿ ಕರಿ ಹರಿಯುತ್ತಾರೆ. ಕೆಂದೆತ್ತು ಮುಂದೆ ಬಂತಾ, ಬಿಳಿಯೆತ್ತು ಮುಂದೆ ಬಂತಾ ಅನ್ನುವುದರ ಮೇಲೆ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆ ಅಂತ ಹೇಳುತ್ತಾರೆ. ನೆಟ್ಟನೆ ದಾರಿ, ಸಣ್ಣ ದೂರ, ಎರಡೂ ಕಡೆ ಜನ, ಒಂದು ನಿಮಿಷಕ್ಕೂ ಮೊದಲೇ ತೀರ್ಮಾನ. ವರ್ಜೀನಿಯಾದ ಬೀದಿಗೂ ಬೋನಾಳದ ಸೀಮೆಯ ಬೀದಿಗೂ ಇರುವ ವ್ಯತ್ಯಾಸ ಹೋಳಿಗೆಯದ್ದು ಮಾತ್ರ.

ಈಗ ಎಂಜಿನ್ನಿನ ಕಾಲಕ್ಕೆ ಬನ್ನಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಪುಡಿಗಾಸಿಗೆ ಕೊಂಡು, ಮಡ್‌ಗಾರ್ಡು ಕಿತ್ತು ಬಿಸಾಕಿ, ಎಂಜಿನ್ ಬಿಚ್ಚಿ ಕಟ್ಟಿ, ಮ್ಯೂರಾಕ್ ಅನ್ನುವ ಬತ್ತಿದ ಸರೋವರದ ಗಟ್ಟಿ ನೆಲದ ಮೇಲೆ ಓಡಿಸುತ್ತಿದ್ದರು. ಯುದ್ಧ ಬಂತು, ಆ ಜಾಗ ಸೇನೆಯ ವಾಯುನೆಲೆಯಾಯಿತು. ಯುದ್ಧ ಮುಗಿದ ಮೇಲೆ ಸೈನ್ಯದಿಂದ ಮರಳಿದ ಹುಡುಗರ ಕೈಯಲ್ಲಿ ಮೂರು ಸಂಗತಿ ಇದ್ದವು. ಸ್ವಲ್ಪ ದುಡ್ಡು, ಸೇನೆಯಲ್ಲಿ ಕಲಿತ ಮಿಸ್ತ್ರಿ ವಿದ್ಯೆ, ಮತ್ತು ಸಾವಿನ ಭಯ ಇಲ್ಲದ ಮನಸ್ಸು. ಓಟ ರಸ್ತೆಗೆ ಬಂತು. ರಾತ್ರಿ ಹೊತ್ತು ಸಿಗ್ನಲ್ ದೀಪದಿಂದ ಸಿಗ್ನಲ್ ದೀಪಕ್ಕೆ. ಹುಡುಗರು ಸತ್ತರು, ದಾರಿಹೋಕರೂ ಸತ್ತರು. ಪತ್ರಿಕೆಗಳು ಏನು ಬರೆದವು ಅಂದುಕೊಂಡಿರಿ? ನಾನು ಟಿವಿಯಲ್ಲಿ ಕೂಗಿದ್ದನ್ನೇ ಬರೆದವು. ಎಪ್ಪತ್ತೈದು ವರ್ಷ ಹಿಂದೆ, ಇಂಗ್ಲಿಷಿನಲ್ಲಿ.

ಇಲ್ಲಿಂದ ಮುಂದೆ ನಡೆದದ್ದು ನನಗೆ ಗೊತ್ತಿರಲಿಲ್ಲ. 1950ರಲ್ಲಿ ಸಿ.ಜೆ. ಹಾರ್ಟ್ ಅನ್ನುವ ಒಬ್ಬ ಮನುಷ್ಯ ಸಾಂತಾ ಆನಾ ಊರಿನ ವಿಮಾನ ನಿಲ್ದಾಣದವರ ಜೊತೆ ಮಾತಾಡಿ, ಬಳಸದೆ ಬಿದ್ದಿದ್ದ ಒಂದು ರನ್‌ವೇ ಹಿಡಿದ. ಭಾನುವಾರ ಅಲ್ಲಿ ಓಡಿಸಿ ಅಂದ. ಟಿಕೆಟ್ಟು 50 ಸೆಂಟ್. ಮುಂದಿನ ವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಅನ್ನುವವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಅವರು ಆಗ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರು. ಮಾಧ್ಯಮದವರು! ನಮ್ಮವರೇ. ನಾನು ಬೈದೆ, ಅವರು ಸಂಘ ಕಟ್ಟಿದರು. ಇರಲಿ.

1953ರಲ್ಲಿ ಈ ಸಂಘದ ಮೊದಲ ಅಧಿಕೃತ ಓಟ ಪೊಮೋನಾ ಊರಿನಲ್ಲಿ ನಡೆಯಿತು. ಎಲ್ಲಿ? ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ. ಮುಂದೆ ನಿಂತು ಸಹಾಯ ಮಾಡಿದ್ದು ಯಾರು? ಪೊಮೋನಾದ ಪೊಲೀಸರು. ಇದನ್ನು ಇನ್ನೊಂದು ಸಲ ಓದಿ. ಬಡ್ ಕೂನ್ಸ್ ಅಂತ ಅಲ್ಲಿನ ಒಬ್ಬ ಪೊಲೀಸ್ ಸಾರ್ಜೆಂಟ್. ರಾತ್ರಿ ಯಾರನ್ನು ಬೆನ್ನಟ್ಟಿ ಹಿಡಿಯಬೇಕಿತ್ತೋ, ಅದೇ ಹುಡುಗರಿಗೆ ಹಗಲು ಓಡಿಸುವುದು ಹೇಗೆ ಅಂತ ಹೇಳಿಕೊಟ್ಟ. 1954ರಲ್ಲಿ ಸಂಘ ಒಂದು ಸ್ಟೇಷನ್ ವ್ಯಾಗನ್ನಿಗೆ ಟ್ರೇಲರ್ ಕಟ್ಟಿ, ಅದರಲ್ಲಿ ಗಡಿಯಾರ, ತಂತಿ, ಫೋನು ತುಂಬಿ, ದೇಶ ಸುತ್ತಲು ಒಂದು ಪುಟ್ಟ ತಂಡ ಕಳಿಸಿತು. ತಂಡದ ಮುಖ್ಯಸ್ಥ ಅದೇ ಕೂನ್ಸ್. ಊರೂರಿಗೆ ಹೋಗುವುದು, ಅಲ್ಲಿನ ಪೊಲೀಸರನ್ನೂ ಹಿರಿಯರನ್ನೂ ಕೂರಿಸಿ ಮಾತಾಡುವುದು, ಖಾಲಿ ರನ್‌ವೇ ಎಲ್ಲಿದೆ ನೋಡುವುದು, ಗಾಡಿ ತಪಾಸಣೆ ಮಾಡುವುದನ್ನು ಹುಡುಗರಿಗೆ ಕಲಿಸುವುದು, ಮುಂದಿನ ಊರಿಗೆ ಹೋಗುವುದು. ಬಯಲಾಟದ ಮೇಳದ ಹಾಗೆ.

1955ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಆದದ್ದು ಕಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ. ಅದೂ ಯುದ್ಧದ ವಿಮಾನ ನಿಲ್ದಾಣ, ಬಿ-29 ಬಾಂಬರ್‌ಗಳ ತರಬೇತಿಗೆ ಅಂತ ಮಾಡಿದ್ದು. ಮಳೆ ಬಂದು ಸ್ಪರ್ಧೆ ಮುಗಿಯಲೇ ಇಲ್ಲ. ಕೊನೆಯ ಸುತ್ತನ್ನು ಅರಿಜೋನಾದಲ್ಲಿ ಮುಗಿಸಬೇಕಾಯಿತು. ಯುದ್ಧ ಬಿಟ್ಟುಹೋದ ಕಾಂಕ್ರೀಟೇ ಈ ಆಟದ ತೊಟ್ಟಿಲು.

ನಮ್ಮಲ್ಲೂ ಹಾಗೇ ಆಯಿತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮದ್ರಾಸಿನ ಹತ್ತಿರದ ಶೋಲಾವರಂ ಕೂಡ ಎರಡನೇ ಮಹಾಯುದ್ಧದ ವಿಮಾನಪಟ್ಟಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ದಶಕಗಟ್ಟಲೆ ಅಲ್ಲಿ ರೇಸ್ ನಡೆಸಿದರು. ಬೆಂಗಳೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಹೋಗಿ ನೋಡಿ ಬಂದವರು ನಮ್ಮ ನಡುವೆ ಈಗಲೂ ಇದ್ದಾರೆ. 1980ರ ದಶಕದ ಆರಂಭದಲ್ಲಿ ವಿಜಯ್ ಮಲ್ಯ ಅಲ್ಲಿ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದರು. ಅವರು ಓಡಿಹೋದ ಕತೆ ಬೇರೆ, ಇದು ಓಡಿಸಿದ ಕತೆ. 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ಸರಿಯಾದ ಟ್ರ್ಯಾಕ್ ಆದ ಮೇಲೆ ಶೋಲಾವರಂನ ದಿನ ಮುಗಿಯಿತು. ಇವತ್ತು ರಾಷ್ಟ್ರೀಯ ಡ್ರ್ಯಾಗ್ ರೇಸ್ ಚಾಂಪಿಯನ್‌ಷಿಪ್ ಅಂತ ಒಂದು ಇದೆ, ಮೋಟಾರ್‌ಸೈಕಲ್ಲುಗಳದ್ದು. ಅದನ್ನು ಮತ್ತೆ ಮತ್ತೆ ಗೆದ್ದಿರುವ ಹೇಮಂತ್ ಮುದ್ದಪ್ಪ ಬೆಂಗಳೂರಿನ ಹುಡುಗ. ನಮ್ಮ ಕ್ರೀಡಾ ಬುಲೆಟಿನ್ನಿನಲ್ಲಿ ಅವರಿಗೆ ಸಿಕ್ಕಿದ್ದು ಹತ್ತು ಸೆಕೆಂಡು. ಅವರ ಓಟವೂ ಅಷ್ಟರೊಳಗೇ ಮುಗಿಯುತ್ತದೆ ಅನ್ನಿ.

ಪಿಕಪ್ ಈ ಆಟಕ್ಕೆ ಹೇಗೆ ಬಂತು ಅನ್ನೋದು ಇನ್ನೊಂದು ತಮಾಷೆ. ಅದರ ಹಿಂದೆ ಒಂದು ಕೋಳಿ ಜಗಳ ಇದೆ. ನಿಜವಾದ ಕೋಳಿಯದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿಗೆ ಹೋಗಿ ಬೀಳುತ್ತಿತ್ತು. ಯುರೋಪಿನವರು ಅದಕ್ಕೆ ಸುಂಕ ಹಾಕಿದರು. ಸಿಟ್ಟಾದ ಅಮೆರಿಕ 1964ರಿಂದ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿತು. ಅಷ್ಟರಲ್ಲಿ ಜಪಾನಿನ ಡಾಟ್ಸನ್ ಕಂಪನಿಯ ಪುಟ್ಟ ಪಿಕಪ್‌ಗಳು ಅಮೆರಿಕದ ರಸ್ತೆಗೆ ಬಂದಾಗಿತ್ತು. ಜನಕ್ಕೆ ಹಿಡಿಸಿಯೂ ಆಗಿತ್ತು. ಕಂಪನಿಗಳು ಬುದ್ಧಿ ಓಡಿಸಿದವು. ಡಾಲಾ ಇಲ್ಲದೆ ಬರೀ ಕ್ಯಾಬಿನ್ನು, ಚಾಸಿ ಮಾತ್ರ ಹಡಗಿನಲ್ಲಿ ತರಿಸುವುದು, ಅದಕ್ಕೆ ಸುಂಕ ಕಡಿಮೆ, ಬಂದರಿಗೆ ಬಂದ ಮೇಲೆ ಡಾಲಾ ಕೂರಿಸುವುದು. 1972ರಲ್ಲಿ ಷೆವರ್ಲೆ ಲವ್ ಅಂತ ಒಂದು ಬಂತು, ಮಾಡಿದವರು ಜಪಾನಿನ ಇಸುಝು. ಫೋರ್ಡ್ ಕೊರಿಯರ್ ಬಂತು, ಮಾಡಿದವರು ಮಜ್ದಾ. ಸುಂಕ ತಪ್ಪಿಸುವ ಜಾಣತನದಲ್ಲಿ ನಾವೇ ಮುಂದು ಅಂತ ಹೆಮ್ಮೆಪಡಬೇಡಿ.

ಹತ್ತು ವರ್ಷ ಕಳೆದ ಮೇಲೆ ಇವೇ ಗಾಡಿಗಳು ಹಳೆಯವಾಗಿ ಅಗ್ಗಕ್ಕೆ ಸಿಗತೊಡಗಿದವು. ಹಗುರ ಮೈ, ಗಟ್ಟಿ ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ, ಬಾನೆಟ್ ಕೆಳಗೆ ದೊಡ್ಡ ಎಂಜಿನ್ ತುರುಕುವಷ್ಟು ಜಾಗ. ಬಡವನ ರೇಸ್ ಗಾಡಿಗೆ ಇನ್ನೇನು ಬೇಕು? 1991ರಲ್ಲಿ ಜಿಎಂಸಿ ಕಂಪನಿಯೇ ಸೈಕ್ಲೋನ್ ಅನ್ನುವ ಸಣ್ಣ ಪಿಕಪ್ ಬಿಟ್ಟಿತು. ಟರ್ಬೊ ಹಾಕಿದ 4.3 ಲೀಟರ್ ಎಂಜಿನ್, 280 ಕುದುರೆ ಶಕ್ತಿ. ಒಂದು ಅಮೆರಿಕನ್ ಪತ್ರಿಕೆ ಅದನ್ನು ಫೆರಾರಿಯ ಪಕ್ಕ ನಿಲ್ಲಿಸಿ ಕಾಲು ಮೈಲಿ ಓಡಿಸಿತು. ಪಿಕಪ್ ಗೆದ್ದಿತು. ಆದರೆ ಅದರ ಡಾಲಾದಲ್ಲಿ 500 ಪೌಂಡಿಗಿಂತ ಹೆಚ್ಚು ಹೇರಬೇಡಿ ಅಂತ ಕಂಪನಿಯೇ ಹೇಳಿತ್ತು. ನಮ್ಮ ಲೆಕ್ಕದಲ್ಲಿ ಎರಡು ಕ್ವಿಂಟಲ್ ಮೇಲೆ ಸ್ವಲ್ಪ. ಶಹಾಪುರದ ಅಡತಿ ಅಂಗಡಿಗೆ ತೊಗರಿ ಒಯ್ಯಲೂ ಆಗದ ಪಿಕಪ್ಪು! 1998ರಿಂದ 2001ರವರೆಗೆ ಅಲ್ಲಿ ಪಿಕಪ್‌ಗಳಿಗೇ ಒಂದು ಪ್ರತ್ಯೇಕ ವೃತ್ತಿಪರ ವಿಭಾಗವೂ ಇತ್ತು.

ಮಿಸ್ತ್ರಿಯ ತಗಡಿನ ಹಿಂದೆ ಇದ್ದ ಟಾಟಾ ಮೊಬೈಲ್‌ಗೂ ಒಂದು ಇತಿಹಾಸ ಇದೆ. 1988ರಲ್ಲಿ ಬಂದ ಗಾಡಿ. ದೊಡ್ಡ ಲಾರಿಗಳನ್ನೇ ಮಾಡುತ್ತಿದ್ದ ಟಾಟಾ ಕಂಪನಿಯನ್ನು ಸಣ್ಣ ಗಾಡಿಯ ಕಡೆ ತಿರುಗಿಸಿದ್ದು ಇದೇ. 1991ರ ಸಿಯೆರಾ ಹುಟ್ಟಿದ್ದು ಇದರ ಚಾಸಿಯಿಂದ. ಸುಮಾರು 2 ಲೀಟರ್ ಡೀಸೆಲ್ ಎಂಜಿನ್, 60ರ ಮೇಲೆ ಸ್ವಲ್ಪ ಕುದುರೆ ಶಕ್ತಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಈ ಸೀಮೆಯಲ್ಲಿ ಹತ್ತಿ, ಭತ್ತ ಬೆಳೆದ ಕಾಲದಲ್ಲಿ ಸಂತೆಗೂ ಸಾಲಕ್ಕೂ ಮದುವೆಗೂ ಹೋಗಿ ಬಂದ ಗಾಡಿ. 2005ರಲ್ಲಿ ‘ಛೋಟಾ ಹಾಥಿ’ ಬಂತು, ಟಾಟಾ ಏಸ್. ಅದರ ಮುಂದೆ ಈ ಹಳೆಯದಕ್ಕೆ ಬೆಲೆ ಹೋಯಿತು. ಮಿಸ್ತ್ರಿಗೆ ಇದು ಯಾರದೋ ರಿಪೇರಿ ಬಾಕಿಯ ಬದಲಿಗೆ ಬಂದದ್ದಂತೆ.

ಹುಡುಗ ಮಾಡುತ್ತಿದ್ದ ಕೆಲಸದಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಸಂಗತಿ, ಅವನು ಎಂಜಿನ್ ಮುಟ್ಟಿರಲಿಲ್ಲ. ಕಮಾನ್ ಪಾಟಾದಿಂದ ಶುರುಮಾಡಿದ್ದ. ಯಾಕೆ ಅಂತ ಕೇಳಿದೆ. ಅಜ್ಜ ಹೇಳಿಕೊಟ್ಟದ್ದಂತೆ. ಇದು ಎಷ್ಟು ಸರಿ ಅನ್ನೋದು ಓದಿದ ಮೇಲೆ ನನಗೆ ತಿಳಿಯಿತು.

ನೋಡಿ, ಖಾಲಿ ಪಿಕಪ್ಪಿನ ಭಾರವೆಲ್ಲ ಮುಂದೆ. ಎಂಜಿನ್ ಮುಂದೆ, ಡ್ರೈವರ್ ಮುಂದೆ. ಹಿಂದೆ ಬರೀ ತಗಡು. ಓಡಿಸಬೇಕಾದ ಚಕ್ರ ಮಾತ್ರ ಹಿಂದಿನವು. ಮಳೆಗಾಲದಲ್ಲಿ ಖಾಲಿ ಗಾಡಿ ಓಡಿಸಿದ ಯಾವ ಡ್ರೈವರನ್ನಾದರೂ ಕೇಳಿ, ಬಾಲ ಹೇಗೆ ಜಾರುತ್ತದೆ ಅಂತ. ಅಂಥ ಗಾಡಿಗೆ ಎರಡು ಪಟ್ಟು ಶಕ್ತಿಯ ಎಂಜಿನ್ ಕೂರಿಸಿದರೆ ಏನಾಗುತ್ತದೆ? ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ, ಹೊಗೆ ಬರುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಬ್ಯಾಟರಿಯನ್ನು ಬಾನೆಟ್ಟಿನಿಂದ ತೆಗೆದು ಡಾಲಾದಲ್ಲಿ ಹಿಂದಿನ ಚಕ್ರದ ಮೇಲೆ ಇಡುತ್ತಾರೆ. ಮುಂದಿನ ಬಂಪರು, ಬೇಡದ ಕಬ್ಬಿಣ ಎಲ್ಲ ಕಳಚುತ್ತಾರೆ. ಹೊರಡುವಾಗ ಮೂತಿ ಸ್ವಲ್ಪ ಎದ್ದು ಭಾರ ಹಿಂದಕ್ಕೆ ಬೀಳುವ ಹಾಗೆ ಮುಂದಿನ ಸ್ಪ್ರಿಂಗ್ ಹೊಂದಿಸುತ್ತಾರೆ. ಚಕ್ಕಡಿ ಹೂಡಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಸೋಲುತ್ತದೆ. ಭಾರ ಎಲ್ಲಿಡಬೇಕು ಅನ್ನೋದೇ ವಿದ್ಯೆ.

ಇನ್ನು ಪಾಟಾ. ಜೋರಾಗಿ ಆಕ್ಸಿಲರೇಟರ್ ತುಳಿದಾಗ ಚಕ್ರ ಒಂದು ಕಡೆ ತಿರುಗಿದರೆ ಹೌಸಿಂಗು ಅದಕ್ಕೆ ಎದುರಾಗಿ ತಿರುಗಲು ನೋಡುತ್ತದೆ. ಉದ್ದನೆಯ ಪಾಟಾಗಳು ‘ಎಸ್’ ಅಕ್ಷರದ ಹಾಗೆ ಸೊಟ್ಟಗಾಗಿ, ಮತ್ತೆ ಚಟ್ಟನೆ ನೆಟ್ಟಗಾಗುತ್ತವೆ. ಇಡೀ ಗಾಡಿ ಕುಪ್ಪಳಿಸುತ್ತದೆ. ಶಾಫ್ಟ್ ಮುರಿಯುವುದು ಆಗಲೇ. ಇದನ್ನು ತಡೆಯಲು ಹೌಸಿಂಗಿನಿಂದ ಮುಂದಕ್ಕೆ ಚಾಸಿಯ ಕಡೆ ಒಂದೊಂದು ಗಟ್ಟಿ ಸರಳು ಕೊಡುತ್ತಾರೆ. ಹುಡುಗ ಅದನ್ನು ಟ್ರ್ಯಾಕ್ಟರ್ ಟ್ರೇಲರಿನ ಹಳೆಯ ಪೈಪಿನಿಂದ ಮಾಡುತ್ತಿದ್ದ. ಅಜ್ಜ ಅದರ ವೆಲ್ಡಿಂಗನ್ನು ಎರಡು ಸಲ ಸುತ್ತಿಗೆಯಿಂದ ಹೊಡೆದು ಮುರಿದು, ‘ಮತ್ತ ಮಾಡು’ ಅಂದಿದ್ದರಂತೆ.

ಎಂಜಿನ್ ವಿಚಾರಕ್ಕೆ ಬಂದರೆ, ನಮ್ಮ ಕಡೆ ಹುಡುಗರು ಮೊದಲು ಮಾಡುವ ಕೆಲಸ ಸೈಲೆನ್ಸರ್ ಕೀಳುವುದು, ಎರಡನೆಯದು ಡೀಸೆಲ್ ಪಂಪಿನ ಸ್ಕ್ರೂ ತಿರುವಿ ಹೆಚ್ಚು ಎಣ್ಣೆ ಬಿಡುವುದು. ಸದ್ದು ಬರುತ್ತದೆ, ಕರಿ ಹೊಗೆ ಬರುತ್ತದೆ. ಕರಿ ಹೊಗೆ ಅಂದರೆ ಸುಡದ ಡೀಸೆಲ್. ಗಾಳಿ ಸಾಲದೆ ಎಣ್ಣೆ ಸುರಿದರೆ ಬಿಸಿ ಏರಿ ಪಿಸ್ಟನ್ ಹೋಗುತ್ತದೆಯೇ ಹೊರತು ಓಟ ಬರುವುದಿಲ್ಲ. ಗಾಳಿ ತುರುಕಲು ಟರ್ಬೊ ಬೇಕು. 1998ರ ಸಫಾರಿಯಲ್ಲಿ ಟಾಟಾದವರೇ ಇದೇ ಮನೆತನದ 2 ಲೀಟರ್ ಎಂಜಿನ್ನಿಗೆ ಟರ್ಬೊ ಕೂಡಿಸಿದ್ದರು. ಅಂಥದ್ದೊಂದು ಗುಜರಿಯಲ್ಲಿ ಸಿಗುತ್ತದಾ ಅಂತ ಹುಡುಗ ಸೋಲಾಪುರ, ಹೈದರಾಬಾದ್ ಕಡೆ ವಿಚಾರಿಸುತ್ತಿದ್ದಾನೆ.

ಒಂದು ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಒಂದೂವರೆ ಟನ್ನಿನ ಆ ಗಾಡಿ ಇದ್ದ ಹಾಗೇ ಓಡಿದರೆ ಕಾಲು ಮೈಲಿಗೆ 22 ಸೆಕೆಂಡಿನ ಆಸುಪಾಸು ಬೇಕು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಮಯ ಅರ್ಧ ಆಗುತ್ತದೆ ಅಂದುಕೊಂಡಿರಾ? ಇಲ್ಲ. ಐದರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ, ಅಷ್ಟೇ. 17 ಸೆಕೆಂಡಿನ ಮೇಲೆ ಚಿಲ್ಲರೆ. ಜೊತೆಗೆ ಎರಡು-ಮೂರು ನೂರು ಕಿಲೊ ಕಬ್ಬಿಣ ಇಳಿಸಿದರೆ ಹದಿನಾರರ ಮೇಲಕ್ಕೆ ಬರಬಹುದು. ಲಕ್ಷಗಟ್ಟಲೆ ಸುರಿದು, ವರ್ಷಗಟ್ಟಲೆ ಬೆವರು ಹರಿಸಿ ಗಳಿಸುವುದು ಆರು ಸೆಕೆಂಡು! ಹೊಸ ಕಾರೊಂದು ಕೊಂಡವನು ಷೋರೂಮಿನಿಂದಲೇ ಇದಕ್ಕಿಂತ ಜೋರಾಗಿ ಓಡಿಸುತ್ತಾನೆ. ಹಾಗಾದರೆ ಈ ಬಡ ಪಿಕಪ್ಪು ಯಾರ ಜೊತೆ ಸ್ಪರ್ಧೆ ಮಾಡಬೇಕು?

ಅದಕ್ಕೂ ಅವರು ದಾರಿ ಕಂಡುಕೊಂಡಿದ್ದಾರೆ. ಬ್ರ್ಯಾಕೆಟ್ ರೇಸ್ ಅಂತ. ಓಡುವ ಮೊದಲು ನಿನ್ನ ಗಾಡಿ ಎಷ್ಟು ಸೆಕೆಂಡಿಗೆ ಓಡುತ್ತದೆ ಅಂತ ನೀನೇ ಬರೆದುಕೊಡಬೇಕು. ನಾನು 20 ಅಂತ ಬರೆದೆ, ನೀವು 14 ಅಂತ ಬರೆದಿರಿ. ಹಸಿರು ದೀಪ ನನಗೆ ಆರು ಸೆಕೆಂಡು ಮೊದಲೇ ಬೀಳುತ್ತದೆ. ಇಬ್ಬರೂ ಹೇಳಿದ ಹಾಗೇ ಓಡಿದರೆ ಗೆರೆ ಮುಟ್ಟುವುದು ಒಟ್ಟಿಗೇ. ದೀಪ ಬಿದ್ದಾಗ ಯಾರು ಬೇಗ ಹೊರಟರೋ ಅವರು ಗೆದ್ದರು. ಮೋಸ ಮಾಡಿ ಸಮಯ ಹೆಚ್ಚು ಬರೆದುಕೊಟ್ಟರೆ? ಬರೆದದ್ದಕ್ಕಿಂತ ಬೇಗ ಓಡಿದವನು ಸೋತ ಹಾಗೆ. ದುಡ್ಡಿದ್ದವನಿಗೂ ಇಲ್ಲದವನಿಗೂ ಒಂದೇ ಗೆರೆ. ಗಾಡಿ ಎಷ್ಟು ಜೋರು ಅನ್ನೋದಲ್ಲ, ನಿನ್ನ ಗಾಡಿ ನಿನಗೆಷ್ಟು ಗೊತ್ತು ಅನ್ನೋದು ಪರೀಕ್ಷೆ. 1963ಕ್ಕೂ ಮೊದಲು ಒಬ್ಬ ಮನುಷ್ಯ ಎರಡು ಗಾಡಿಗಳ ನಡುವೆ ನಿಂತು ಬಾವುಟ ಎತ್ತುತ್ತಿದ್ದ. ಆ ವರ್ಷ ದೀಪದ ಕಂಬ ಬಂತು, ಅದಕ್ಕೆ ಕ್ರಿಸ್‌ಮಸ್ ಟ್ರೀ ಅಂತ ಹೆಸರಾಯಿತು. ಹಸಿರಿಗೆ ಮೊದಲೇ ಹೊರಟರೆ ಕೆಂಪು ಹತ್ತುತ್ತದೆ, ಆಟ ಅಲ್ಲಿಗೇ ಮುಗಿಯಿತು.

ಹಾಗಂತ ಪಟ್ಟಿಯ ಮೇಲೆ ಯಾರೂ ಸಾಯುವುದಿಲ್ಲ ಅಂತ ನಾನು ಹೇಳುವುದಿಲ್ಲ. 2008ರ ಜೂನ್‌ನಲ್ಲಿ ಸ್ಕಾಟ್ ಕ್ಯಾಲಿಟಾ ಅನ್ನುವ ಚಾಂಪಿಯನ್ ಓಡಿಸುವಾಗಲೇ ತೀರಿಕೊಂಡರು. ಅದಾದ ಮೇಲೆ ಅತಿ ವೇಗದ ವಿಭಾಗಗಳ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ ಇಳಿಸಿದರು, ನಿಲ್ಲಿಸಲು ಜಾಗ ಸಿಗಲಿ ಅಂತ. ಗಾಡಿಯೊಳಗೆ ಪೈಪಿನ ಪಂಜರ, ಶಾಫ್ಟ್ ಮುರಿದರೆ ನೆಲಕ್ಕೆ ಚುಚ್ಚಿ ಗಾಡಿ ಪಲ್ಟಿಯಾಗದಂತೆ ಅದರ ಸುತ್ತ ಒಂದು ಕಬ್ಬಿಣದ ಬಳೆ, ಹೆಲ್ಮೆಟ್, ಬೆಲ್ಟು, ಬೆಂಕಿ ನಂದಿಸುವ ಸಿಲಿಂಡರು. ಇವೆಲ್ಲ ಒಂದೊಂದೂ ಯಾರೋ ಸತ್ತ ಮೇಲೆ ಬಂದ ನಿಯಮಗಳು. ಹೆದ್ದಾರಿಯಲ್ಲಿ ಸತ್ತವರಿಂದ ನಾವು ಅಂಥ ಒಂದು ನಿಯಮವನ್ನೂ ಕಲಿತಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. ಸಾರ್ವಜನಿಕ ಸ್ಥಳದಲ್ಲಿ ರೇಸ್ ಬಿಟ್ಟರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಯಲ್ಲಿ ಬಿಗಿ ಮಾಡಿದ್ದು. ಟಿವಿಯಲ್ಲಿ ನಾನು ಇಷ್ಟನ್ನು ಮಾತ್ರ ಹೇಳಿದ್ದೆ. ಆ ಸೆಕ್ಷನ್ನಿನ ಶುರುವಿನಲ್ಲೇ ಇರುವ ಮಾತನ್ನು ಬಿಟ್ಟಿದ್ದೆ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ. ಅಂದರೆ ಒಪ್ಪಿಗೆ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಬಾಗಿಲು ಇದೆ. ಇನ್ನೊಂದು 52ನೇ ಸೆಕ್ಷನ್, ಗಾಡಿಯನ್ನು ಕಂಪನಿ ಮಾಡಿಕೊಟ್ಟ ಹಾಗೇ ಇಡಬೇಕು ಅನ್ನೋದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಡಕ್ಕಾಗಿ ಹೇಳಿತು. ಹಾಗಾಗಿ ಈ ಪಿಕಪ್ಪು ಬದಲಾದ ಮೇಲೆ ಸಂತೆ ರಸ್ತೆಗೆ ಇಳಿಯುವ ಹಾಗಿಲ್ಲ. ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡೇ ಹೋಗಬೇಕು. ಮಿಸ್ತ್ರಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, ‘ಗಾಡಿ ಹೊರಾಕ ಇನ್ನೊಂದು ಗಾಡಿ ಬೇಕಾತಲ್ರೀ’ ಅಂತ ಬಹಳ ಹೊತ್ತು ನಕ್ಕರು.

ಎತ್ತುಗಳ ವಿಷಯದಲ್ಲಿ ನಾವೇನು ಮಾಡಿದೆವು, ನೆನಪಿದೆಯಾ? 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಬೀದಿಗಿಳಿದೆವು. ನಮ್ಮ ವಿಧಾನಮಂಡಲ 2017ರಲ್ಲಿ ಕಾನೂನು ತಿದ್ದಿತು, ಕಂಬಳ ಉಳಿಯಿತು, ಎತ್ತಿನ ಗಾಡಿಯ ಓಟವೂ ಉಳಿಯಿತು. 2023ರ ಮೇ 18ರಂದು ಸಂವಿಧಾನ ಪೀಠವೂ ಸರಿ ಅಂದಿತು. ಆಗ ನಾನೂ ದಿನಗಟ್ಟಲೆ ಚರ್ಚೆ ನಡೆಸಿದವನೇ. ಆಗ ಬೈಯಲಿಲ್ಲ, ಸಂಸ್ಕೃತಿ ಅಂದೆ. ಓಡಿಸುವವರು ಅದೇ ಹುಡುಗರು, ಅದೇ ಊರಿನವರು. ಎತ್ತು ಮಾರಿ ಗಾಡಿ ತಂದಿದ್ದಾರೆ, ಅಷ್ಟೇ ವ್ಯತ್ಯಾಸ.

ಜಾಗ ಎಲ್ಲಿ ಅನ್ನೋದು ಉಳಿಯಿತು. ಬೋನಾಳದಲ್ಲಂತೂ ಆಗದು. ಸೈಲೆನ್ಸರ್ ಇಲ್ಲದ ಒಂದು ಗಾಡಿ ಒಂದು ಸಲ ಗುಡುಗಿದರೆ ಕೆರೆಯ ಹಕ್ಕಿಗಳೆಲ್ಲ ಎದ್ದು ಹೋದಾವು. ಇದನ್ನು ಮೊದಲು ಹೇಳಿದ್ದು ನಾನಲ್ಲ, ಆ ಹುಡುಗನೇ. ‘ಇಲ್ಲಿ ಸ್ಟಾರ್ಟ್ ಸೈತ ಮಾಡಂಗಿಲ್ರೀ ಸರ್, ಹಕ್ಕಿ ಹಾರ್ತಾವ’ ಅಂದಿದ್ದ. ಕೃಷ್ಣೆಯ ತಿಂಥಣಿ ಸೇತುವೆ ಕಡೆ ಹೋಗುವ ಹೆದ್ದಾರಿ ನೆಟ್ಟಗಿದೆ, ನುಣ್ಣಗಿದೆ. ರಾತ್ರಿ ಅಲ್ಲಿ ಏನು ನಡೆಯುತ್ತದೆ ಅಂತ ಕೇಳಿದೆ. ಇಬ್ಬರೂ ಉತ್ತರ ಕೊಡಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಬೇಕಾದದ್ದು ಒಂದು ಕಿಲೊಮೀಟರ್ ನೆಟ್ಟನೆ ಡಾಂಬರು. ಓಡಲು 400 ಮೀಟರ್, ನಿಲ್ಲಲು ಅದಕ್ಕಿಂತ ಹೆಚ್ಚು. ಎರಡೂ ಬದಿಗೆ ತಡೆಗೋಡೆ, ಒಂದು ಆಂಬುಲೆನ್ಸ್, ಬಡ್ ಕೂನ್ಸ್‌ನಂಥ ಒಬ್ಬ ಪೊಲೀಸು. ಯಾದಗಿರಿ ಜಿಲ್ಲೆಯಾಗಿದ್ದು 2009ರ ಕೊನೆಯಲ್ಲಿ. ಈ ಕಡೆ ಕೈಗಾರಿಕೆಗೆ ಅಂತ ಹಿಡಿದಿಟ್ಟ ಜಾಗಗಳ ಒಳಗೆ ರಸ್ತೆ ಆಗಿ, ಕಾರ್ಖಾನೆ ಬರದೆ, ಜಾಲಿ ಬೆಳೆದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೀದಿ ದೀಪ ಕೂಡ ಇವೆ, ಉರಿಯುವುದಿಲ್ಲ. ವರ್ಷಕ್ಕೆ ನಾಲ್ಕು ಭಾನುವಾರ ಅಂಥ ಒಂದು ರಸ್ತೆ ಬಿಟ್ಟುಕೊಡಲು ಯಾರಪ್ಪನ ಗಂಟು ಹೋಗುತ್ತದೆ?

ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಹತ್ತಿರ ಇದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ‘ಏನಾದ್ರೂ ಆದರೆ ಮೊದಲು ಕ್ಯಾಮೆರಾ ತಗೊಂಡು ಬರೋರು ನೀವೇ ಅಲ್ವಾ?’ ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ನನ್ನಿಂದ ಆದದ್ದು ಇಷ್ಟು: ಅವತ್ತಿನ ಕಾರ್ಯಕ್ರಮದ ಸಮಯದಲ್ಲೇ ಈ ಕತೆಯನ್ನು ಹೇಳಿದೆ. ಅರ್ಧದಷ್ಟು ಜನವೂ ನೋಡಲಿಲ್ಲ.

ಮಿಸ್ತ್ರಿ ನೋಡಿದ್ದರು. ಮರುದಿನ ಫೋನು ಬಂತು. ಕತೆಯ ಬಗ್ಗೆ ಏನೂ ಅನ್ನಲಿಲ್ಲ. ಆ ಶಾಫ್ಟಿನ ಸುತ್ತ ಹಾಕುವ ಬಳೆ ಎಷ್ಟು ದಪ್ಪ ಇರಬೇಕು, ಮುಂದಿನ ಜಾಯಿಂಟಿನಿಂದ ಎಷ್ಟು ಹಿಂದೆ ಕೂರಿಸಬೇಕು ಅಂತ ಕೇಳಿದರು. ಮುಂದಿನ ಜಾಯಿಂಟಿನಿಂದ ಆರು ಇಂಚಿನ ಒಳಗೆ, ಕಾಲು ಇಂಚು ದಪ್ಪದ ಪಟ್ಟಿ ಅಂತ ಓದಿ ಹೇಳಿದೆ. ಆ ಕಡೆ ಹುಡುಗ ಬರೆದುಕೊಳ್ಳುತ್ತಿದ್ದ.